ಆನೆಗೊಂದಿಯ ಬಂಡೆಗಳಲ್ಲಿ ಹಳೆಗಾಲದ ಪ್ರಾಣಿಯೊಂದು ಉಳಿದಿದ್ದರೆ

ಪ್ರಶ್ನೆ (ಗಂಗಾವತಿ ಕಡೆಯ ಓದುಗರೊಬ್ಬರಿಂದ): ನಾನು ಬರೆಯುತ್ತಿರುವ ಕಾದಂಬರಿ 1443ರ ಆನೆಗೊಂದಿಯಲ್ಲಿ ನಡೆಯುತ್ತದೆ. ಎಂದೋ ಅಳಿದುಹೋಯಿತು ಎಂದು ನಾವೆಲ್ಲ ತಿಳಿದ ಪ್ರಾಣಿಯೊಂದು ಅಲ್ಲಿನ ಗುಡ್ಡದಲ್ಲಿ ಇನ್ನೂ ಬದುಕಿದೆ ಎಂಬುದು ಕಥೆ. ಮ್ಯಾಮತ್ ಇಲ್ಲವೇ ಕೋರೆಹಲ್ಲಿನ ಹುಲಿ ಅಂದುಕೊಂಡಿದ್ದೇನೆ. ವಿಷಯ ಬಲ್ಲವರು ಓದಿದರೂ ನಗಬಾರದು. ಯಾವ ಪ್ರಾಣಿ ಆರಿಸಲಿ, ಏನೇನು ಲೆಕ್ಕ ಹಾಕಲಿ?

ಉತ್ತರ: ಎರಡನ್ನೂ ಬಿಡಿ. ಉಣ್ಣೆಯ ಮ್ಯಾಮತ್ ಚಳಿಸೀಮೆಯದು, ದಕ್ಷಿಣ ಭಾರತಕ್ಕೆ ಅದು ಕಾಲಿಟ್ಟದ್ದೇ ಇಲ್ಲ. ಕೋರೆಹಲ್ಲಿನ ಹುಲಿಗೆ ಹೊಟ್ಟೆಯ ಲೆಕ್ಕ ಕೂಡಿಬರುವುದಿಲ್ಲ. ಮಾಂಸಾಹಾರಿಗಳ ಬಗ್ಗೆ ಒಂದು ಸ್ಥೂಲ ಸೂತ್ರವಿದೆ: 10,000 ಕಿಲೋ ತೂಕದ ಬೇಟೆಪ್ರಾಣಿಗಳಿದ್ದ ಕಡೆ ಸುಮಾರು 90 ಕಿಲೋ ತೂಕದ ಮಾಂಸಾಹಾರಿ ಬದುಕಬಲ್ಲದು. 200 ಕಿಲೋದ 50 ಹುಲಿ ಎಂದರೆ 10,000 ಕಿಲೋ ಆಯಿತು. ಅವುಗಳ ಬೆನ್ನಿಗೆ 11 ಲಕ್ಷ ಕಿಲೋ ಬೇಟೆ ಬೇಕು. ತಲಾ 35 ಕಿಲೋದ ಕೃಷ್ಣಮೃಗ ಎಂದು ಹಿಡಿದರೆ 31,000ಕ್ಕೂ ಹೆಚ್ಚು. ಇಷ್ಟರಲ್ಲೇ ಮಾಮೂಲಿ ಹುಲಿ, ಚಿರತೆ, ತೋಳ, ಚೀತಾ, ಅರಸನ ಬೇಟೆಪಡೆ ಎಲ್ಲರೂ ಪಾಲು ಕೇಳುತ್ತಾರೆ. ಕೃಷ್ಣಾ–ತುಂಗಭದ್ರೆಯ ನಡುವಿನ ದೋಆಬ್‌ನ ಎರೆ ಬಯಲು ಎಷ್ಟೇ ಹುಲ್ಲು ಕೊಟ್ಟರೂ ಇಷ್ಟು ಸಾಲಕ್ಕೆ ಒದಗುವುದಿಲ್ಲ.

ಡೈನೋಸಾರ್ ಕೇಳಲಿಲ್ಲವಲ್ಲ, ಪುಣ್ಯ. ನಿಮ್ಮೂರಿನ ಗ್ರಾನೈಟ್ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ. ಡೈನೋಸಾರ್ ಹುಟ್ಟುವ ಹೊತ್ತಿಗಾಗಲೇ ಅವು ಮುದಿ ಬಂಡೆಗಳು.

ಹುಲಿ 50 ಯಾಕೆ ಅಂದೆನೋ ಹೇಳುತ್ತೇನೆ, ಏಕೆಂದರೆ ಇಂಥ ಕಥೆಗಳು ಎಡವುವುದೇ ಇಲ್ಲಿ. ಗುಹೆಯೊಳಗೆ ಒಂಟಿ ಪ್ರಾಣಿಯೊಂದು ಸಾವಿರಾರು ವರ್ಷ ಉಳಿದಿರುತ್ತದೆ ಎಂದು ಬರೆದುಬಿಡುತ್ತಾರೆ. ಉಳಿಯುವುದು ಪ್ರಾಣಿಯಲ್ಲ, ಹಿಂಡು. ಸದ್ಯಕ್ಕೆ ರಕ್ತಸಂಬಂಧದ ಕೂಡಿಕೆಯ ಕೇಡು ತಪ್ಪಬೇಕಾದರೆ ಮರಿ ಹಾಕುವ ವಯಸ್ಸಿನ 50, ನೂರಾರು ತಲೆಮಾರು ದಾಟಬೇಕಾದರೆ 500 ಬೇಕು ಎಂಬುದು ಸಂರಕ್ಷಣಾ ಜೀವಶಾಸ್ತ್ರದ ಹಳೆಯ ಅಂದಾಜು. ಇದು ಕಲ್ಲಿನ ಮೇಲೆ ಕೆತ್ತಿದ ಮಾತಲ್ಲ. ಆರ್ಕ್ಟಿಕ್‌ನ ರ‍್ಯಾಂಗೆಲ್ ದ್ವೀಪದಲ್ಲಿ ಮ್ಯಾಮತ್‌ಗಳು ಈಗ್ಗೆ 4,000 ವರ್ಷದ ಹಿಂದಿನವರೆಗೂ, ಅಂದರೆ ಈಜಿಪ್ಟಿನ ದೊಡ್ಡ ಪಿರಮಿಡ್ ಎದ್ದು ಐದಾರು ಶತಮಾನ ಕಳೆದ ಮೇಲೂ, ಇದ್ದವು. ಅವುಗಳ ಡಿಎನ್‌ಎ ಓದಿದವರ ಪ್ರಕಾರ ಆರಂಭದಲ್ಲಿ ಸಂಖ್ಯೆ ಎಂಟರವರೆಗೆ ಕುಸಿದಿರಬಹುದು. ಆಮೇಲೆ 200–300ಕ್ಕೆ ಏರಿ, ಅಷ್ಟರಲ್ಲೇ 6,000 ವರ್ಷ ನಿಂತವು. ಸುಮಾರು 7,600 ಚದರ ಕಿಲೋಮೀಟರ್ ದ್ವೀಪ, ಮನುಷ್ಯನ ಸುಳಿವಿಲ್ಲ. ಈ ಎರಡನೆಯದು ಮುಖ್ಯ. ವಿಜಯನಗರದ ಕೋಟೆ ಕಟ್ಟುತ್ತಿದ್ದ ಕಾಲಕ್ಕೆ ನ್ಯೂಜಿಲೆಂಡಿನಲ್ಲಿ ಮೋವಾ ಎಂಬ ಹಾರದ ದೈತ್ಯಹಕ್ಕಿ ಇನ್ನೂ ಬದುಕಿತ್ತು. ಅಲ್ಲಿಗೆ ಜನ ಬಂದು ನೂರೈವತ್ತು ವರ್ಷ ತುಂಬುವಷ್ಟರಲ್ಲಿ ಅದರ ಕಥೆ ಮುಗಿಯಿತು.

ನಿಮ್ಮ ಸೀಮೆಯಲ್ಲಿ ಇದು ತಿರುವುಮುರುವು. ಕೃಷ್ಣಾ–ತುಂಗಭದ್ರೆಯ ನಡುವೆ ಕಲ್ಲಿನ ಕೈಗೊಡಲಿ ಹಿಡಿದ ಜನ ಲಕ್ಷಾಂತರ ವರ್ಷದಿಂದ ಇದ್ದಾರೆ. ಪ್ರಾಣಿಗಳು ಅವರ ಜೊತೆಗೇ ಬೆಳೆದವು, ಅವರನ್ನು ಕಂಡು ಓಡುವುದನ್ನು ಕಲಿತವು. ಬಳ್ಳಾರಿಯಿಂದ ನೇರ ಪೂರ್ವಕ್ಕೆ ಸುಮಾರು 135 ಕಿಲೋಮೀಟರ್ ಹೋದರೆ ಆಂಧ್ರದ ಬೇತಂಚೆರ್ಲ ಬಳಿ ಬಿಲ್ಲಸುರ್ಗಂ ಸುಣ್ಣಕಲ್ಲಿನ ಗುಹೆಗಳಿವೆ. 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮತ್ತವನ ಮಗ ಅಗೆದ ಗುಹೆಗಳು. ಅಲ್ಲಿನ ಎಲುಬುಗಳನ್ನು ಈಚೆಗೆ ಹೊಸದಾಗಿ ನೋಡಿದಾಗ ಸುಮಾರು 2 ಲಕ್ಷ ವರ್ಷದ ಪದರಗಳಲ್ಲಿ ಗುರುತು ಸಿಕ್ಕ 21 ಬಗೆಯ ಸಸ್ತನಿಗಳಲ್ಲಿ 20 ಬಗೆ ಉಪಖಂಡದಲ್ಲಿ ಇತ್ತೀಚಿನವರೆಗೂ ಉಳಿದುಬಂದವೇ ಆಗಿದ್ದವು. ಉಳಿಯಬಲ್ಲವೆಲ್ಲ ಉಳಿದಿವೆ, ನಿಮ್ಮ ಮನೆಯ ಹೆಂಚಿನ ಮೇಲೆ ಕೂತಿವೆ. ಆ 21ರಲ್ಲಿ ಅಳಿದದ್ದು ಒಂದೇ. ಅದರ ವಿಷಯಕ್ಕೆ ಆಮೇಲೆ ಬರೋಣ, ನಿಮ್ಮ ಕಾದಂಬರಿ ನಿಲ್ಲುವುದು ಅದರ ಮೇಲೆಯೇ.

ಮೊದಲು, ಯಾರಾದರೂ ನಿಮಗೆ ಸೂಚಿಸಬಹುದಾದ ಮೂರು ಪ್ರಾಣಿಗಳನ್ನು ವಿಲೇವಾರಿ ಮಾಡಬೇಕು.

ನೇರದಂತದ ದೈತ್ಯಾನೆ, ಪೇಲಿಯೊಲಾಕ್ಸೊಡಾನ್ ನಾಮಾಡಿಕಸ್. ಹೆಸರು ನರ್ಮದೆಯದು, ಭುಜದ ಎತ್ತರ ನಾಲ್ಕು ಮೀಟರಿಗೂ ಹೆಚ್ಚು. ಈಗಿನ ನಮ್ಮ 4 ಟನ್ನಿನ ಆನೆಗೆ ದಿನಕ್ಕೆ 150 ಕಿಲೋ ಹಸಿಮೇವು, 150 ಲೀಟರ್ ನೀರು ಎಂದಿಟ್ಟುಕೊಳ್ಳಿ. ಮೈ ದೊಡ್ಡದಾದಷ್ಟೇ ಹಸಿವು ಬೆಳೆಯುವುದಿಲ್ಲ, ತೂಕದ ಮುಕ್ಕಾಲು ಘಾತಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ 13 ಟನ್ನಿನ ಪ್ರಾಣಿಗೆ ಮೂರೂಕಾಲು ಪಟ್ಟು ಬೇಡ, ಸುಮಾರು 2.4 ಪಟ್ಟು ಸಾಕು: 360 ಕಿಲೋ ಮೇವು, ಅಷ್ಟೇ ಲೀಟರ್ ನೀರು. 500 ಆನೆಗೆ ದಿನಕ್ಕೆ 1 ಲಕ್ಷ 80 ಸಾವಿರ ಲೀಟರ್. ಮಳೆಗಾಲದಲ್ಲಿ ಪರವಾಗಿಲ್ಲ. ಮೇ ತಿಂಗಳಲ್ಲಿ, ಇಂದಿನ ದೊಡ್ಡ ಅಣೆಕಟ್ಟಿಲ್ಲದ ತುಂಗಭದ್ರೆ ಮಡುಮಡುವಾಗಿ ನಿಂತಾಗ, ಆ ಮಡುಗಳ ದಂಡೆಯ ಮೇಲೇ ಊರುಗಳೂ ಇರುತ್ತವೆ. ಅದಕ್ಕಿಂತ ದೊಡ್ಡ ತೊಡಕು ನಿಮ್ಮ ಕಥೆಯ ಕಾಲ. 1443ರಲ್ಲಿ ಗದ್ದುಗೆಯ ಮೇಲಿದ್ದವನು ಇಮ್ಮಡಿ ದೇವರಾಯ, ಅವನ ಬಿರುದೇ ‘ಗಜಬೇಟೆಕಾರ’. ನಾಲ್ಕು ಮೀಟರಿನ ಆನೆ ಹೊಳೆಯಾಚೆ ಇದೆ ಎಂದು ಕಿವಿಗೆ ಬಿದ್ದರೆ ಅದು ಮುಂದಿನ ಮಹಾನವಮಿಗೆ ಗಜಶಾಲೆಯಲ್ಲಿರುತ್ತಿತ್ತು.

ಕಾಡುಗೂಳಿ, ಅಂದರೆ ನಮ್ಮ ಇಣಿಯ ದನಗಳ ಪೂರ್ವಜ. ಇದು ಬಡಿದಾಟದಲ್ಲಿ ಸಾಯುವುದಿಲ್ಲ, ಸಂಸಾರದಲ್ಲಿ ಕರಗುತ್ತದೆ. ಊರದನಗಳ ಜೊತೆ ಕೂಡಿದ ಮೊದಲ ಸೂಲಿಗೆ ಅರ್ಧ ರಕ್ತ, ಮುಂದೆ ಕಾಲು, ಆಮೇಲೆ ಅರೆಕಾಲು. ದನಕ್ಕೆ ನಾಲ್ಕೈದು ವರ್ಷಕ್ಕೊಂದು ತಲೆಮಾರು, ನಲವತ್ತು ವರ್ಷಕ್ಕೆ ಕೊಂಬಿನ ಉದ್ದ ಬಿಟ್ಟರೆ ಏನೂ ಉಳಿಯದು. ಬಳ್ಳಾರಿ ಪಕ್ಕದ ಕಪ್ಪಗಲ್ಲು ಗುಡ್ಡದ ಡಾಲರೈಟ್ ಬಂಡೆಗಳ ಮೇಲೆ ನವಶಿಲಾಯುಗದವರು ಕುಟ್ಟಿ ಮೂಡಿಸಿದ ಉದ್ದಕೊಂಬಿನ ಗೂಳಿಗಳಿವೆಯಲ್ಲ, ಅವುಗಳಲ್ಲಿ ಯಾವುದು ಸಾಕಿದ್ದು, ಯಾವುದು ಕಾಡಿನದು ಎಂದು ಯಾರೂ ಬೆರಳಿಟ್ಟು ಹೇಳಲಾರರು. ಸಣ್ಣ ಕಥೆಗೆ ಒಳ್ಳೆಯ ವಸ್ತು. ಕಾದಂಬರಿಗೆ ಸಾಲದು.

ಉಷ್ಟ್ರಪಕ್ಷಿ ಹತ್ತಿರಕ್ಕೆ ಬರುತ್ತದೆ. ಅದು ಭಾರತದಲ್ಲಿತ್ತು. ಮಹಾರಾಷ್ಟ್ರದ ಪಾಟ್ನೆಯಲ್ಲಿ ಸುಮಾರು 25,000 ವರ್ಷದ ಹಿಂದಿನ, ಗೀರಿ ಚಿತ್ತಾರ ಬಿಡಿಸಿದ ಅದರ ಮೊಟ್ಟೆಯೋಡು ಸಿಕ್ಕಿದೆ. ನೀರು ಕಡಿಮೆ ಸಾಕು, ಬಯಲು ಬೇಕು. ಕೆಡುವುದು ಮೊಟ್ಟೆಯಲ್ಲಿ. ಒಂದೂಕಾಲು–ಒಂದೂವರೆ ಕಿಲೋ ತೂಗುವ ಮೊಟ್ಟೆಗಳನ್ನು ಬಟ್ಟಬಯಲಿನಲ್ಲಿಟ್ಟು ಆರು ವಾರ ಕಾವು ಕೊಡಬೇಕು. ಕುರಿ ಕಾಯುವ ಹುಡುಗನ ಕಣ್ಣಿಗೆ ಅಷ್ಟು ದಿನ ಬೀಳದೆ ಇರುತ್ತದೆಯೇ? ಇನ್ನು ಹೆಸರು. ‘ಒಂಟೆಹಕ್ಕಿ’ ಎಂಬರ್ಥದ ಪದ, ಪಾರಸಿಯಲ್ಲೂ ಅದೇ ಅರ್ಥ. ಕಣ್ಣೆದುರು ಓಡಾಡಿದ ಹಕ್ಕಿಗೆ ಜನ ಒಂಟೆಯ ಹೋಲಿಕೆ ತರುವುದಿಲ್ಲ, ಸ್ವಂತ ಹೆಸರಿಡುತ್ತಾರೆ. ಹೇಗೆಂದರೆ, ಸಿರುಗುಪ್ಪದ ಎರೆಹೊಲಗಳಲ್ಲಿ ಇವತ್ತಿಗೂ ಬೆರಳೆಣಿಕೆಯಷ್ಟು ಉಳಿದಿರುವ, ಗಂಡಾದರೆ 15 ಕಿಲೋವರೆಗೆ ತೂಗುವ ಹಕ್ಕಿಗೆ ‘ಎರೆಭೂತ’ ಎಂದಿಟ್ಟ ಹಾಗೆ. ಮೀಟರ್ ಎತ್ತರದ ಹಕ್ಕಿ, ಹತ್ತಿ–ಕಡಲೆ ಹೊಲದ ನಡುವೆ ನಿಂತಿರುತ್ತದೆ, ಪಕ್ಕದ ರಸ್ತೆಯಲ್ಲಿ ದಿನಾ ಓಡಾಡುವವರು ಕಂಡಿರುವುದಿಲ್ಲ. ಉಳಿಕೆ ಎಂದರೆ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಆ ಹಕ್ಕಿಯನ್ನು ಅಭ್ಯಾಸ ಮಾಡಿ: ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದನ್ನು ನಾಯಿ ತಿಂದರೆ ಆ ವರ್ಷ ಹೋಯಿತು.

ಈಗ ಬಿಲ್ಲಸುರ್ಗಂನಲ್ಲಿ ಕಾಣೆಯಾದ ಆ ಇಪ್ಪತ್ತೊಂದನೆಯದು. ಅದು ಥೆರೊಪಿಥೆಕಸ್: ಹುಲ್ಲು ಮೇಯುವ ಕೋತಿ. ಇದರ ಕುಲದಲ್ಲಿ ಇಂದು ಉಳಿದಿರುವುದು ಇಥಿಯೋಪಿಯಾದ ಎತ್ತರದ ಗುಡ್ಡಗಳ ಗೆಲಾಡ ಒಂದೇ. ಒಂದು ಕಾಲಕ್ಕೆ ಈ ಕುಲ ಆಫ್ರಿಕಾದಿಂದ ಸ್ಪೇನ್‌ವರೆಗೆ, ಇತ್ತ ಭಾರತದವರೆಗೆ ಹರಡಿತ್ತು. ಆಫ್ರಿಕಾದ ಕೊನೆಗಾಲದ ಆಸ್ವಾಲ್ಡಿ ಜಾತಿಯ ಗಂಡುಗಳು 70 ಕಿಲೋ ಆಸುಪಾಸು ಇದ್ದವೆಂಬ ಅಂದಾಜಿದೆ. ನಿಮ್ಮ ಗುಡ್ಡದ ಮುಸುವ 20 ಕಿಲೋ ಮುಟ್ಟಿದರೆ ಹೆಚ್ಚು.

ಇದು ಏಕೆ ಒಗ್ಗುತ್ತದೆ ಎಂದರೆ, ನಿಮ್ಮಲ್ಲಿ ದ್ವೀಪವಿದೆ. ಆನೆಗೊಂದಿಯಿಂದ ಹಿರೇಬೆಣಕಲ್ ಕಡೆಗೆ ಸಾಗುವ ಬಂಡೆಗುಡ್ಡಗಳ ಸಾಲು ಆನೆಗೆ ಅಡ್ಡಿ, ಕುದುರೆಗೆ ಅಡ್ಡಿ, ಎತ್ತಿನ ಗಾಡಿಗೆ ಅಡ್ಡಿ. ಕೋತಿಗೆ ಅದು ಕೋಟೆ. ಗೆಲಾಡ ರಾತ್ರಿ ಮರ ಹತ್ತುವುದಿಲ್ಲ, ಕಡಿದಾದ ಕಲ್ಲಂಚುಗಳಲ್ಲಿ ಸಾಲಾಗಿ ಮಲಗುತ್ತದೆ. ನಮ್ಮ ಬಂಡೆಗಳ ಸೀಳುಗಳಲ್ಲಿ ಚಿರತೆಯೂ ಕರಡಿಯೂ ಓಡಾಡುತ್ತವೆ, ಆದ್ದರಿಂದ ನಿಮ್ಮ ಹಿಂಡು ಮಲಗುವುದು ಸೀಳಿನೊಳಗಲ್ಲ, ಹೊರಮೈಯ ಇಳಿಜಾರಿನಲ್ಲಿ ಎಂದು ಬರೆಯಿರಿ.

ಮೇವಿನ ಲೆಕ್ಕ ನೋಡಿ. ಮರಿಗಳೂ ಸೇರಿ ಸರಾಸರಿ 30 ಕಿಲೋ, ತಲಾ ದಿನಕ್ಕೆ ಒಂದೂವರೆ ಕಿಲೋ ಒಣಹುಲ್ಲಿನ ಲೆಕ್ಕ. 500 ತಲೆಗೆ ವರ್ಷಕ್ಕೆ ಸುಮಾರು 275 ಟನ್. 500–600 ಮಿಲಿಮೀಟರ್ ಮಳೆಯ ಕಲ್ಲುನೆಲದಲ್ಲಿ ಹೆಕ್ಟೇರಿಗೆ ಒಂದು ಟನ್ ಒಣಹುಲ್ಲು ಬರುತ್ತದೆ, ಅರ್ಧ ಮಾತ್ರ ಬಾಯಿಗೆ ಸಿಗುತ್ತದೆ ಎಂದು ಹಿಡಿಯಿರಿ. 550 ಹೆಕ್ಟೇರ್, ಐದೂವರೆ ಚದರ ಕಿಲೋಮೀಟರ್. ಬರಗಾಲಕ್ಕೆಂದು ಮೂರು ಪಟ್ಟು ಮಾಡಿದರೂ ಹದಿನೇಳರ ಒಳಗೆ. ಅದೇ ಅಳತೆಯಲ್ಲಿ, ಹಸಿಮೇವನ್ನು ಒಣಗಿಸಿ ಲೆಕ್ಕ ಹಾಕಿದರೆ ದೈತ್ಯಾನೆಗೆ ಸುಮಾರು 350 ಚದರ ಕಿಲೋಮೀಟರ್, ಅದೂ ಬೇರೆ ಒಂದು ದನ ಬಾಯಿ ಹಾಕದಿದ್ದರೆ.

ಮೇಯುವ ರೀತಿಯನ್ನು ಹತ್ತಿರದಿಂದ ತೋರಿಸಿ, ಓದುಗ ನಂಬುವುದು ಅಲ್ಲಿಂದಲೇ. ಮಂಗ ಕಿತ್ತು ಬಾಯಿಗೆಸೆದು ಓಡುತ್ತದೆ, ಇದು ಹಾಗಲ್ಲ. ಕುಕ್ಕರುಗಾಲಲ್ಲಿ ಕೂತು, ಹೆಬ್ಬೆರಳು ತೋರುಬೆರಳಿನ ನಡುವೆ ಒಂದೊಂದೇ ಎಸಳು ಹಿಡಿದು ಎರಡೂ ಕೈಯಿಂದ ಚಕಚಕ ಕೀಳುತ್ತದೆ. ಅಂಗೈ ತುಂಬಿದ ಮೇಲೆ ಒಟ್ಟಿಗೆ ಬಾಯಿಗೆ. ಮುಂದಿನ ಹುಲ್ಲಿಗೆ ಎದ್ದು ಹೋಗುವುದಿಲ್ಲ, ಕುಂಡಿಯನ್ನು ಎಳೆದುಕೊಂಡು ಸರಿಯುತ್ತದೆ. ದಿನದ ಬಹುಭಾಗ ಕೂತೇ ಇರುವುದರಿಂದ ಮಿಕ್ಕ ಕೋತಿಗಳಿಗೆ ಹಿಂಬದಿಯಲ್ಲಿರುವ ಕೆಂಪು ಗುರುತು ಗೆಲಾಡಕ್ಕೆ ಎದೆಯ ಮೇಲಿದೆ, ರೋಮವಿಲ್ಲದ ಬರಿಚರ್ಮ. ಗಂಡಿಗೆ ಭುಜದಿಂದ ಇಳಿಬಿದ್ದ ಕೇಸರ. ಲದ್ದಿ ನಾರುನಾರು, ಹಣ್ಣಿನ ಬೀಜ ಇರುವುದಿಲ್ಲ. ನಿಮ್ಮ ಕುರಿಗಾರ ಪಾತ್ರ ಮೊದಲು ಕಾಣಬೇಕಾದದ್ದು ಪ್ರಾಣಿಯನ್ನಲ್ಲ, ಅದು ಸರಿದುಹೋದ ಹುಲ್ಲಿನಲ್ಲಿ ಉಳಿದ ಸವೆದ ಪಟ್ಟೆಯನ್ನು ಮತ್ತು ಆ ಲದ್ದಿಯನ್ನು.

ಬೇಸಿಗೆ ಕಷ್ಟ. ಗೆಲಾಡ ಈಗ ತಂಪು ಎತ್ತರದಲ್ಲಿದೆ, ನಿಮ್ಮಲ್ಲಿ ಬಂಡೆ ಕಾದು 42 ಡಿಗ್ರಿ. ಆದರೆ ಹಳೆಯ ಆಸ್ವಾಲ್ಡಿ ತಗ್ಗಿನ ಬಿಸಿನೆಲದಲ್ಲೇ, ಕೆರೆಯಂಚಿನಲ್ಲಿತ್ತು. ಕೀನ್ಯಾದ ಓಲೊರ್ಗೆಸಾಲಿಯಲ್ಲಿ ಅದರ ಎಲುಬುಗಳು ಕೈಗೊಡಲಿಗಳ ಜೊತೆ ರಾಶಿರಾಶಿಯಾಗಿ ಸಿಕ್ಕಿವೆ. ಅಂದಿನ ಮನುಷ್ಯರು ಬೇಟೆಯಾಡಿದರೋ, ಹೊಳೆ ತಂದು ಹಾಕಿತೋ ಎಂಬ ಜಗಳ ತೀರಿಲ್ಲ. ಹಾಗಾಗಿ ನಿಮ್ಮ ಹಿಂಡಿಗೆ ಹೊಳೆದಂಡೆ ಬಿಡುವ ಹಾಗಿಲ್ಲ. ಚೈತ್ರದಿಂದ ಮೃಗಶಿರ ಮಳೆವರೆಗೆ ಹೀಗೆ ದಿನಚರಿ: ಮುಂಜಾವಿನಲ್ಲಿ ನೀರು, ಎರಡು ತಾಸು ಮೇವು, ಹೊತ್ತೇರಿದ ಮೇಲೆ ಬಂಡೆಯ ನೆರಳು, ಸಂಜೆ ಮತ್ತೆ ಮೇವು. ಹುಲ್ಲು ಕರಡವಾದಾಗ ಗೆಲಾಡ ಕೈಯಿಂದ ನೆಲ ಬಗೆದು ಬೇರುಗಡ್ಡೆ ತಿನ್ನುತ್ತದೆ. ನಿಮ್ಮಲ್ಲಿ ಅದಕ್ಕೆ ತಕ್ಕದ್ದು ಹೊಳೆಯಂಚಿನ ಜೇಕಿನ ಕೊನ್ನಾರಿಗಡ್ಡೆ. ಮರಳಿನಲ್ಲಿ ಗೇಣಗಲದ ಗುಳಿಗಳ ಸಾಲು ಬಿದ್ದಿರುತ್ತದೆ. ಹಂದಿ ಬಗೆದ ಹಾಗೆ ಅಸ್ತವ್ಯಸ್ತವಲ್ಲ, ಒಂದರ ಪಕ್ಕ ಒಂದು.

ಹೊಳೆಗೆ ಇಳಿದ ಮೇಲೆ ಗದ್ದೆ ದೂರವಿಲ್ಲ. ವಿಜಯನಗರದವರ ಕಾಲುವೆಗಳು ನಿಮ್ಮ ದಂಡೆಗೆ ಬತ್ತ ತಂದವು, ಬತ್ತವೂ ಹುಲ್ಲೇ. ಐವತ್ತು ಪ್ರಾಣಿ ಒಂದು ಮುಂಜಾವಿನಲ್ಲಿ ಹಾಲುಗಾಳಿನ ಗದ್ದೆಗೆ ಇಳಿದರೆ ಏನಾಗುತ್ತದೆ ಎಂದು ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ಅಟ್ಟದ ಮೇಲೆ ಕೂತು ಕವಣೆ ಬೀಸುವವರು, ನಾಯಿ, ಬೆಂಕಿ. ಇಲ್ಲಿ ನಿಮಗೊಂದು ಸಹಾಯವಿದೆ: ಅದು ಕಿಷ್ಕಿಂಧೆ ಎಂದು ಜನ ನಂಬಿದ ನೆಲ, ಅಂಜನಾದ್ರಿ ಎದುರಿಗೇ ಇದೆ, ಕಪಿಯನ್ನು ಕೊಲ್ಲಲು ಕೈ ಏಳುವುದಿಲ್ಲ. ಓಡಿಸುತ್ತಾರೆ, ಕೊಲ್ಲುವುದಿಲ್ಲ. ಬೇರೆಲ್ಲೂ ಅಳಿದದ್ದು ಇಲ್ಲೇ ಏಕೆ ಉಳಿಯಿತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ನಿಮಗೆ ಸಿಗದು. ಅಷ್ಟಕ್ಕೇ ನಿಲ್ಲಿಸಿ. ರಾಮಾಯಣದ ವಾನರರು ಎಂದರೆ ಈ ಕೋತಿಗಳೇ ಎಂದು ಪಾತ್ರದ ಬಾಯಲ್ಲಿ ಹೇಳಿಸಹೋಗಬೇಡಿ. ಅದು ಪುರಾಣಕ್ಕೂ ಅವಮಾನ, ಪ್ರಾಣಿಶಾಸ್ತ್ರಕ್ಕೂ.

ಹೆಚ್ಚಿನವರು ತಲೆಕೆಡಿಸಿಕೊಳ್ಳದ ಪ್ರಶ್ನೆ: ಇದ್ದದ್ದು ನಿಜವಾದರೆ ಯಾರೂ ಏಕೆ ಬರೆಯಲಿಲ್ಲ? ಅದೇ 1443ರಲ್ಲಿ ಪಾರಸಿ ರಾಯಭಾರಿ ಅಬ್ದುರ್ ರಜಾಕ್ ಬಂದಿದ್ದ. ಆನೆಗಳನ್ನು ಬಾಯಿಬಿಟ್ಟುಕೊಂಡು ನೋಡಿ ಬರೆದ. ಕೋತಿಯ ಬಗ್ಗೆ ಅವನು ಬರೆಯದೆ ಇರುವುದು ಸಹಜ, ಪರದೇಶಿಗೆ ಇಲ್ಲಿನ ಎಲ್ಲ ಕೋತಿಯೂ ಕೋತಿಯೇ. ನಮ್ಮವರೋ? ಕನ್ನಡದಲ್ಲಿ ಮಂಗ, ಕೋತಿ, ಕೋಡಗ, ಮುಸುವ, ಕಪಿ ಇವೆ. ಆ ಬಯಲುಸೀಮೆಯಲ್ಲಿ ದಿನಾ ಕಾಣುವ ಜಾತಿಗಳು ಎರಡೇ, ಕೆಂಪುಮೋರೆಯದು ಮತ್ತು ಕರಿಮೋರೆಯದು. ಹೆಸರು ಮಿಕ್ಕಿವೆ! ‘ಕೋಡಗ’ ಎಂಬ ಹಳೆಯ ಪದವನ್ನು ಗುಡ್ಡದ ಮೂರನೆಯದಕ್ಕೆ ಕೊಟ್ಟುಬಿಡಿ. ಆಗ ಶಾಸನದಲ್ಲೋ ಹಾಡಿನಲ್ಲೋ ಕೋಡಗ ಬಂದ ಕಡೆಯೆಲ್ಲ ನಿಮ್ಮ ಪ್ರಾಣಿ ಕಣ್ಣೆದುರೇ ಅಡಗಿ ಕೂತಿರುತ್ತದೆ, ಹೊಸ ಪದ ಹೊಸೆಯುವ ಗೋಜಿಲ್ಲ. ಚಿತ್ರದಲ್ಲೂ ಹಾಗೆಯೇ. ಹಿರೇಬೆಣಕಲ್‌ನ ಕಲ್ಲಾಸರೆಗಳಲ್ಲಿ ಕಾವಿ ಬಣ್ಣದಲ್ಲಿ ಬರೆದವನೊಬ್ಬ ಕೇಸರ ಹೊತ್ತ ನಾಲ್ಕುಗಾಲಿನ ಪ್ರಾಣಿ ಬರೆದಿದ್ದರೆ, ಇಂದಿನ ವಿದ್ವಾಂಸ ಅದರ ಕೆಳಗೆ ‘ಸಿಂಹ?’ ಎಂದು ಬರೆಯುತ್ತಾನೆ. ಆ ಪ್ರಶ್ನಾರ್ಥಕ ಚಿಹ್ನೆಯನ್ನು ಮರೆಯಬೇಡಿ.

ಸಂಖ್ಯೆಯನ್ನು ಕಾಲಕ್ಕೆ ಕಟ್ಟಿ. ದಖ್ಖನಿನಲ್ಲಿ 1396ರಿಂದ 1407ರವರೆಗೆ ದುರ್ಗಾದೇವಿಯ ಬರ ಎಂದು ಹೆಸರಾದ ಹನ್ನೆರಡು ವರ್ಷದ ಕ್ಷಾಮ ಬಿತ್ತೆಂದು ಹೇಳುತ್ತಾರೆ. ಹಸಿದವನಿಗೆ ಕಪಿಯೂ ಒಂದೇ, ಮೊಲವೂ ಒಂದೇ. 500 ಇದ್ದದ್ದು ಅಲ್ಲಿ 20ಕ್ಕೆ ಇಳಿಯಲಿ. ಮಳೆ ಮರಳಿದ ಮೇಲೆ ವರ್ಷಕ್ಕೆ ನೂರಕ್ಕೆ ಐದರಂತೆ ಬೆಳೆದರೆ 36 ವರ್ಷಕ್ಕೆ 5.8 ಪಟ್ಟು, ನಿಮ್ಮ 1443ಕ್ಕೆ ಸುಮಾರು 115. ಒಂದು ಗಂಡು, ಐದಾರು ಹೆಣ್ಣು, ಮರಿಗಳು ಎಂಬ ಸಂಸಾರಗಳಾಗಿ ಹಂಚಿದರೆ ಹತ್ತೋ ಹನ್ನೆರಡೋ ಸಂಸಾರ. ಒಂದು ಅಧ್ಯಾಯದಲ್ಲಿ ಎಣಿಸಿ ಮುಗಿಸಬಹುದಾದಷ್ಟು. ಇಪ್ಪತ್ತರ ಕುತ್ತಿಗೆಯಲ್ಲಿ ಹಾದುಬಂದ ಹಿಂಡಿನ ಮೈಮೇಲೆ ಗುರುತು ಇರಲೇಬೇಕು. ಅಮೆರಿಕದ ಫ್ಲಾರಿಡಾದ ಪ್ಯಾಂಥರ್‌ಗಳು ಇಪ್ಪತ್ತು–ಮೂವತ್ತಕ್ಕೆ ಇಳಿದಾಗ ಬಾಲದ ತುದಿ ಕೊಂಕಿದ ಮರಿಗಳು ಹುಟ್ಟತೊಡಗಿದ್ದವು. 1995ರಲ್ಲಿ ಟೆಕ್ಸಾಸ್‌ನಿಂದ ಎಂಟು ಹೆಣ್ಣು ತಂದು ಬಿಟ್ಟ ಮೇಲೆ ಸರಿಹೋಯಿತು. ನಿಮ್ಮ ಹಿಂಡಿಗೆ ಟೆಕ್ಸಾಸ್ ಇಲ್ಲ. ಕುರಿಗಾರ ಹುಡುಗ ಬಾಲಕೊಂಕಿದ ಮರಿಗಳನ್ನು ವರ್ಷವರ್ಷ ಎಣಿಸುತ್ತಾ ಹೋಗಲಿ, ವಿವರಣೆ ಕೊಡಬೇಡಿ.

ಇಂದಿನ ಕಾಲದ ಒಂದು ಚೌಕಟ್ಟು ಹಾಕಿ, ಯಾರೋ ಅದರ ಹಲ್ಲು ಪತ್ತೆಮಾಡುವಂತೆ ಬರೆಯುವುದಾದರೆ ಎರಡು ಎಚ್ಚರ. ಗ್ರಾನೈಟಿನ ಕೆಂಪುಮಣ್ಣಿನಲ್ಲಿ ಎಲುಬು ಕರಗುತ್ತದೆ. ಎರೆಮಣ್ಣು ಬೇಸಿಗೆಯಲ್ಲಿ ಸೀಳಿ ಮಳೆಗೆ ಹಿಗ್ಗಿ ಒಳಗಿನದನ್ನು ಹಿಟ್ಟು ಮಾಡುತ್ತದೆ. ಸುಣ್ಣದ ಹರಳು ಕಟ್ಟಿದ ಪದರ ಆರಿಸಿ. ಹಂಪಿ ಬಳಿಯ ನಿಂಬಾಪುರದ ಬೂದಿದಿಬ್ಬವನ್ನು ಜನ ವಾಲಿಯ ಚಿತಾಭಸ್ಮ ಎನ್ನುತ್ತಾರೆ. ಅಂಥ ದಿಬ್ಬಗಳು ನವಶಿಲಾಯುಗದವರು ಸುಟ್ಟ ಸಗಣಿಯ ರಾಶಿಗಳು. ಅದರೊಳಗೆ ಹಲ್ಲು ಇಡುವ ಆಸೆ ನಿಮಗಾಗುತ್ತದೆ, ಆದರೆ ಆ ಕಾವಿಗೆ ದಂತಕವಚ ಸಿಡಿಯುತ್ತದೆ. ದಿಬ್ಬದ ಮಗ್ಗುಲಿನ ಮಣ್ಣಿನಲ್ಲಿ ಇಡಿ. ಎಲುಬಿನ ಅಂಟುದ್ರವ್ಯ (ಕೊಲಾಜನ್) ನಮ್ಮ ಬಿಸಿಲಿಗೆ ಉಳಿಯುವುದು ಅಪರೂಪ, ಅದಿಲ್ಲದೆ ಕಾರ್ಬನ್–14 ಕಾಲನಿರ್ಣಯ ಬಹುಪಾಲು ಕೈಕೊಡುತ್ತದೆ.

ಎರಡನೆಯದು, ಥೆರೊಪಿಥೆಕಸ್‌ನ ದವಡೆಹಲ್ಲು ಎತ್ತರ, ಮೇಲ್ಮೈ ಆಳವಾಗಿ ಮಡಚಿಕೊಂಡದ್ದು, ಚೂರಾದರೆ ಕುರಿ–ಮೇಕೆಯ ರಾಶಿಗೆ ಸೇರಿಹೋಗುವ ಸಾಧ್ಯತೆ ಹೆಚ್ಚು. ನಿಮ್ಮ ಸಂಶೋಧಕಿ ಅದನ್ನು ಚೀಟಿ ಅಂಟಿಸಿದ ಹಳೆಯ ಡಬ್ಬಿಯಿಂದ ಎತ್ತಲಿ. ಕವಚದ ಕಾರ್ಬನ್ ಐಸೊಟೋಪ್ (ಕಾರ್ಬನ್ನಿನ ಹಗುರ–ಭಾರ ರೂಪಗಳ ಪ್ರಮಾಣ) ಅಳೆದರೆ ಎಲೆ–ಹಣ್ಣು ತಿಂದದ್ದಕ್ಕೆ ಮೈನಸ್ 12ರ ಹತ್ತಿರ, ಬಿಸಿಲುಸೀಮೆಯ ಹುಲ್ಲು ತಿಂದದ್ದಕ್ಕೆ ಸೊನ್ನೆಯ ಹತ್ತಿರ ಬರುತ್ತದೆ. ಸೊನ್ನೆ ಬಂತೆಂದು ಆಕೆ ಕುಣಿಯುವ ಹಾಗಿಲ್ಲ. ಜೋಳ, ಸಜ್ಜೆ ಎರಡೂ ಅದೇ ಬಗೆಯ ಸಸ್ಯಗಳು, ಹೊಲ ನುಗ್ಗಿದ ಸಾದಾ ಮಂಗಕ್ಕೂ ಅಂಕಿ ಮೇಲೇರುತ್ತದೆ. ಆದ್ದರಿಂದ ಹಲ್ಲಿನ ಮೇಲ್ಮೈಯನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಹುಲ್ಲಿನ ಸಿಲಿಕಾ ಎಳೆದ ಸಣ್ಣ ಗೀರುಗಳಿವೆಯೇ, ಗಟ್ಟಿ ಕಾಳು ಒಡೆದ ಕುಳಿಗಳಿವೆಯೇ ಎಂದು ಆಕೆ ನೋಡಬೇಕಾಗುತ್ತದೆ.